ಸೋದರಮಾವನೂ ಮೋಶೆಯ ಶಾಸನವೂ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಮೇಲೆ ಐಮಂಗಲವೆಂಬ ಊರು ಸಿಗುತ್ತದೆ. ಆ ಊರಿರುವ ಬಯಲುಸೀಮೆಯಲ್ಲಿ, ಹಾಗೆ ನೋಡಿದರೆ ಹಳೆಯ ಮೈಸೂರು ಸೀಮೆಯ ಉದ್ದಗಲಕ್ಕೂ, ಮನೆಯಲ್ಲಿ ಹೆಣ್ಣುಮಗಳು ಬೆಳೆದು ನಿಂತಳೆಂದರೆ ಹಿರಿಯರ ಕಣ್ಣು ಮೊದಲು ಹೊರಳುವುದು ಅವಳ ತಾಯಿಯ ತಮ್ಮನ ಕಡೆಗೆ. ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಹಕ್ಕುಂಟೆಂಬುದು ಎಷ್ಟೋ ಜಾತಿಗಳಲ್ಲಿ ತಲತಲಾಂತರದಿಂದ ನಡೆದುಬಂದ ಮಾತು. ಅವನು ಒಲ್ಲೆನೆಂದ ಮೇಲೆ ಹೊರಗಿನ ವರನನ್ನು ಹುಡುಕುವುದು. ಇದರಲ್ಲಿ ಯಾರಿಗೂ ಲಜ್ಜೆಯಿಲ್ಲ, ಪಾಪದ ಶಂಕೆಯಂತೂ ಇಲ್ಲವೇ ಇಲ್ಲ. ಕಾಲ ಬದಲಾಗಿದೆಯೆಂದು ಎಷ್ಟು ಹೇಳಿದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ಕಾಲುಭಾಗಕ್ಕೆ ಮೇಲ್ಪಟ್ಟು ನೆಂಟರಿಷ್ಟರೊಳಗೇ ನಡೆದಂಥವು.

ಅಂಥ ಸೀಮೆಯ ಒಂದು ಮನೆತನ ಕ್ರೈಸ್ತಮತವನ್ನು ಸೇರಿತೆನ್ನಿ. ಮಗಳ ಮದುವೆ ನಿಶ್ಚಯವಾಗುತ್ತದೆ. ಪದ್ಧತಿಯಂತೆ ಇಗರ್ಜಿಯಲ್ಲಿ ವಧೂವರರ ಹೆಸರು, ತಂದೆತಾಯಿಗಳ ಹೆಸರು, ಊರು ಇವನ್ನೆಲ್ಲ ಭಾನುವಾರದ ಪೂಜೆಯಲ್ಲಿ ಓದಿ, ಈ ಲಗ್ನಕ್ಕೆ ಅಡ್ಡಿಯೇನಾದರೂ ಗೊತ್ತಿದ್ದವರು ತಿಳಿಸಬೇಕೆಂದು ಪಾದ್ರಿಗಳು ಸಭೆಯನ್ನು ಕೇಳುತ್ತಾರೆ. ವರನು ವಧುವಿನ ಸೋದರಮಾವ. ಊರಿನ ಕಣ್ಣಿಗೆ ಇದಕ್ಕಿಂತ ಪ್ರಶಸ್ತವಾದ ಸಂಬಂಧ ಬೇರೊಂದಿಲ್ಲ. ಇಗರ್ಜಿಯ ಕಣ್ಣಿಗೆ ಅದೇ ದೊಡ್ಡ ಅಡ್ಡಿ. ಒಂದೇ ಸಂಬಂಧ ಒಂದೆಡೆ ಶ್ರೇಯಸ್ಸು, ಮತ್ತೊಂದೆಡೆ ಅಗಮ್ಯಗಮನ! ಕನ್ನಡ ನಾಡಿನ ಕ್ರೈಸ್ತರು ಈ ಇಕ್ಕಟ್ಟಿನೊಳಗೇ ತಮ್ಮ ಸಂಸಾರಗಳನ್ನು ಕಟ್ಟಿಕೊಂಡು ಬಂದಿದ್ದಾರೆ.

ಇಷ್ಟಕ್ಕೂ ಈ ನಿಷೇಧ ಬೈಬಲಿನಲ್ಲಿ ಎಲ್ಲಿದೆ?

ಯಾಜಕಕಾಂಡದ ಹದಿನೆಂಟನೆಯ ಅಧ್ಯಾಯವೇ ಈ ವಿಷಯಕ್ಕೆ ಮೂಲಶಾಸನ. ಐಗುಪ್ತದವರಂತೆಯೂ ಕಾನಾನಿನವರಂತೆಯೂ ನಡೆಯಬೇಡಿರೆಂದು ಎಚ್ಚರಿಸಿ, ಯಾರಾರ ಬಳಿ ಹೋಗಕೂಡದೆಂಬುದನ್ನು ಮೋಶೆಯ ಶಾಸನ ಒಂದೊಂದಾಗಿ ಹೇಳುತ್ತದೆ. ತಾಯಿ, ಮಲತಾಯಿ, ಒಡಹುಟ್ಟಿದವಳು, ಮಲತಂಗಿ, ಮೊಮ್ಮಗಳು, ತಂದೆಯ ಸೋದರಿ, ತಾಯಿಯ ಸೋದರಿ, ಚಿಕ್ಕಪ್ಪ ದೊಡ್ಡಪ್ಪಂದಿರ ಹೆಂಡತಿ, ಸೊಸೆ, ಸೋದರನ ಹೆಂಡತಿ, ಹೆಂಡತಿ ಬದುಕಿರುವಾಗ ಅವಳ ಅಕ್ಕತಂಗಿ, ಇವರೆಲ್ಲ ಅಲ್ಲಿದ್ದಾರೆ. ಆದರೆ ಅಕ್ಕನ ಮಗಳು ಮಾತ್ರ ಇಲ್ಲ. ಅಣ್ಣನ ಮಗಳೂ ಇಲ್ಲ. ಅತ್ತೆಯ ಮಗಳು, ಮಾವನ ಮಗಳು ಎಂಬ ಮಾತಂತೂ ಆ ಪಟ್ಟಿಯ ಹತ್ತಿರವೇ ಸುಳಿದಿಲ್ಲ.

ಸುಳಿಯುವುದಾದರೂ ಹೇಗೆ? ಇಸ್ರಾಯೇಲರ ಮೂಲಪುರುಷರ ಸಂಸಾರಗಳೇ ನೆಂಟಸ್ತಿಕೆಯ ಬಳ್ಳಿಯಲ್ಲಿ ಹೆಣೆದುಕೊಂಡವು. ಆದಿಕಾಂಡವನ್ನು ಓದುವ ಕನ್ನಡ ಗೃಹಿಣಿಗೆ ಅದು ನೆರೆಮನೆಯ ಕಥೆಯಂತೆ ತೋರಿದರೆ ಆಶ್ಚರ್ಯವಿಲ್ಲ. ಯಾಕೋಬನು ಮನೆ ಬಿಟ್ಟು ಹೋಗಿ ಸೇರಿದ್ದು ಸೋದರಮಾವನಾದ ಲಾಬಾನನ ಮನೆಯನ್ನು. ಮಾವನ ಕಿರಿಯ ಮಗಳು ರಾಹೇಲಳಿಗಾಗಿ ಏಳು ವರ್ಷ ದುಡಿದ. ಮದುವೆಯ ರಾತ್ರಿ ಕಳೆದು ಬೆಳಕು ಹರಿದಾಗ ನೋಡಿದರೆ ಪಕ್ಕದಲ್ಲಿದ್ದವಳು ಹಿರಿಯವಳಾದ ಲೇಯಾ! ಹಿರಿಯವಳಿರುವಾಗ ಕಿರಿಯವಳನ್ನು ಕೊಡುವ ಪದ್ಧತಿ ನಮ್ಮಲ್ಲಿಲ್ಲವೆಂದು ಲಾಬಾನ ಸಮಾಧಾನ ಹೇಳಿದನಂತೆ. ಇಂಥ ಮಾವಂದಿರು ನಮ್ಮಲ್ಲೂ ಇಲ್ಲದಿಲ್ಲ. ಯಾಕೋಬನ ತಾಯಿ ರೆಬೆಕ್ಕಳು ಅಬ್ರಹಾಮನ ಸೋದರ ನಾಹೋರನ ಮೊಮ್ಮಗಳು. ಆ ನಾಹೋರ ಕೈಹಿಡಿದಿದ್ದು ತನ್ನ ಸೋದರ ಹಾರಾನನ ಮಗಳು ಮಿಲ್ಕಾಳನ್ನು. ಅಬ್ರಹಾಮನೇ ಸಾರಳನ್ನು ತಂದೆಯ ಮಗಳು, ತಾಯಿಯ ಮಗಳಲ್ಲ ಎಂದು ಹೇಳಿಕೊಂಡಿದ್ದಾನೆ. ಇಷ್ಟು ಸಾಲದೆಂಬಂತೆ ಶಾಸನಕರ್ತನಾದ ಮೋಶೆಯ ತಂದೆ ಅಮ್ರಾಮನು ಮದುವೆಯಾದದ್ದು ತನ್ನ ತಂದೆಯ ಸೋದರಿ ಯೋಕೆಬೆದಳನ್ನು. ಮಗನ ಶಾಸನವನ್ನು ತಂದೆಗೆ ಅನ್ವಯಿಸಿದ್ದರೆ ಶಾಸನಕರ್ತನೇ ಹುಟ್ಟುತ್ತಿರಲಿಲ್ಲ!

ಸೋದರಸೊಸೆಯ ವಿಷಯದಲ್ಲಿ ಯೆಹೂದ್ಯರೊಳಗೇ ಎರಡು ಪಕ್ಷಗಳು ಹುಟ್ಟಿದವು. ಅಕ್ಕತಂಗಿಯರ ಮಗಳನ್ನು ಮದುವೆಯಾಗುವವನನ್ನು ಅವರ ತಾಲ್ಮುದ್ ಗ್ರಂಥ ಹೊಗಳಿಯೇ ಹೊಗಳುತ್ತದೆ. ನೆರೆಯವರನ್ನು ಪ್ರೀತಿಸುವವನ, ಕಷ್ಟದಲ್ಲಿರುವವನಿಗೆ ಸಾಲ ಕೊಡುವವನ ಸಾಲಿನಲ್ಲಿ ಅವನನ್ನು ನಿಲ್ಲಿಸುತ್ತದೆ. ಹಿರಿಯೂರಿನ ಮುದುಕಿಯರು ಕೇಳಿದ್ದರೆ ತಲೆದೂಗುತ್ತಿದ್ದರು. ಆದರೆ ಮೃತಸಮುದ್ರದ ತೀರದ ವ್ರತನಿಷ್ಠ ಪಂಗಡವೊಂದು ಇದನ್ನು ಕಟುವಾಗಿ ವಿರೋಧಿಸಿತು. ಆ ಪಂಗಡದ ಶಾಸನಗ್ರಂಥದ ಪ್ರತಿಯೊಂದು ಕೈರೋ ನಗರದ ಪ್ರಾಚೀನ ಯೆಹೂದಿ ಮಂದಿರದಲ್ಲಿ ದೊರೆತು 1910ರಲ್ಲಿ ಅಚ್ಚಾಯಿತು. 1947ರಿಂದೀಚೆಗೆ ಕುಮ್ರಾನಿನ ಗವಿಗಳಲ್ಲಿ ಅದರ ತುಣುಕುಗಳೂ ಸಿಕ್ಕಿದವು. ಅವರ ವಾದ ಸ್ವಾರಸ್ಯವಾಗಿದೆ. ಗಂಡಸು ತಾಯಿಯ ಸೋದರಿಯನ್ನು ಕೂಡಬಾರದೆಂದು ಮೋಶೆ ಹೇಳಿದ್ದಾನೆ; ಶಾಸನವನ್ನು ಗಂಡಸಿಗೆ ಹೇಳಿದಂತೆ ಬರೆದಿದ್ದರೂ ಅದು ಹೆಂಗಸಿಗೂ ಸಮಾನವಾಗಿ ಅನ್ವಯಿಸುತ್ತದೆ; ಹಾಗಾದರೆ ಹೆಂಗಸು ತನ್ನ ಹೆತ್ತವರ ಸೋದರನನ್ನು ಕೂಡುವುದೂ ತಪ್ಪೇ ಆಗಬೇಕಲ್ಲವೆ? ಎರಡು ಸಾವಿರ ವರ್ಷಗಳ ಹಿಂದೆ, ಮರುಭೂಮಿಯ ಅಂಚಿನಲ್ಲಿ, ಸ್ತ್ರೀಪುರುಷರಿಗೆ ಒಂದೇ ನ್ಯಾಯವೆಂಬ ತತ್ತ್ವ ಈ ರೂಪದಲ್ಲಿ ಹೊರಬಂದಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಕೆಲಸವಿದೆ.

ಕ್ರೈಸ್ತಸಭೆ ಈ ಕಟ್ಟುನಿಟ್ಟಿನ ಪಕ್ಷವನ್ನೇ ಹಿಡಿಯಿತು. ಹಿಡಿದು ಅದಕ್ಕಿಂತಲೂ ಬಹುದೂರ ಹೋಯಿತು. ಮಧ್ಯಯುಗದಲ್ಲಿ ಏಳು ತಲೆಮಾರಿನವರೆಗೆ ರಕ್ತಸಂಬಂಧವಿದ್ದರೂ ಮದುವೆ ಸಲ್ಲದೆಂಬ ನಿಯಮವಿತ್ತು. ಹಳ್ಳಿಗಾಡಿನಲ್ಲಿ ಹೀಗೆ ಲೆಕ್ಕ ಹಾಕುತ್ತ ಕುಳಿತರೆ ಮದುವೆಗೆ ಹೆಣ್ಣೇ ಸಿಗಲಾರದು. 1215ರಲ್ಲಿ ರೋಮಿನ ಲ್ಯಾಟರನ್ ಮಹಾಸಭೆ ಏಳನ್ನು ನಾಲ್ಕಕ್ಕೆ ಇಳಿಸಿತು. ಇಂದು ಜಾರಿಯಲ್ಲಿರುವ 1983ರ ಕಥೋಲಿಕ ಧರ್ಮಸಂಹಿತೆಯಲ್ಲಿ ಲೆಕ್ಕವನ್ನು ರೋಮನ್ನರ ಕ್ರಮದಲ್ಲಿ ಮಾಡುತ್ತಾರೆ. ಹುಡುಗಿಯಿಂದ ತಾಯಿಗೆ ಒಂದು ಮೆಟ್ಟಿಲು, ತಾಯಿಯಿಂದ ಅಜ್ಜಿಗೆ ಎರಡು, ಅಜ್ಜಿಯಿಂದ ಇಳಿದು ಸೋದರಮಾವನಿಗೆ ಮೂರು. ಮಾವನ ಮಗನಿಗೆ ನಾಲ್ಕು. ನಾಲ್ಕನೆಯ ಮೆಟ್ಟಿಲಿನವರೆಗೂ ಮದುವೆ ಅಸಿಂಧು. ಆದರೆ ಒಡಹುಟ್ಟಿದವರನ್ನೂ ನೇರ ವಂಶಜರನ್ನೂ ಬಿಟ್ಟರೆ ಉಳಿದ ಮೆಟ್ಟಿಲುಗಳಲ್ಲಿ ತಕ್ಕ ಕಾರಣವಿದ್ದರೆ ವಿನಾಯಿತಿ ಕೊಡಲು ಅವಕಾಶವುಂಟು. ವಂಶವೃಕ್ಷವನ್ನು ಬರೆದು, ಸಂಬಂಧ ಇಂಥದೆಂದು ತೋರಿಸಿ, ಧರ್ಮಾಧ್ಯಕ್ಷರಿಗೆ ಅರ್ಜಿ ಹಾಕಬೇಕು.

ಪ್ರಾಟೆಸ್ಟಂಟರ ದಾರಿ ಬೇರೆ. ಇಂಗ್ಲೆಂಡಿನ ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರನು 1563ರಲ್ಲಿ ನಿಷಿದ್ಧ ಸಂಬಂಧಗಳ ಕೋಷ್ಟಕವೊಂದನ್ನು ಹೊರಡಿಸಿದ. ಮೋಶೆ ಹೇಳದೆ ಬಿಟ್ಟಿದ್ದ ಸೋದರಸೊಸೆ ಆ ಕೋಷ್ಟಕದಲ್ಲಿ ಬಂದು ಕುಳಿತಳು. ಅತ್ತೆ ಮಾವಂದಿರ ಮಕ್ಕಳಿಗೆ ಮಾತ್ರ ಅಡ್ಡಿಯಿಲ್ಲ. ವಿಕ್ಟೋರಿಯಾ ರಾಣಿ 1840ರಲ್ಲಿ ವರಿಸಿದ ಆಲ್ಬರ್ಟನು ಅವಳ ಸೋದರಮಾವನ ಮಗನೇ. ಚಾರ್ಲ್ಸ್ ಡಾರ್ವಿನನು 1839ರಲ್ಲಿ ಕೈಹಿಡಿದ ಎಮ್ಮಾ ಕೂಡ ಸೋದರಮಾವನ ಮಗಳು. ಹೀಗೆ ಒಂದೇ ಗ್ರಂಥವನ್ನು ಪ್ರಮಾಣವೆಂದು ನಂಬುವ ಇಬ್ಬರು ಕ್ರೈಸ್ತರಲ್ಲಿ ಒಬ್ಬನಿಗೆ ಮಾವನ ಮಗಳು ನಿರಾತಂಕವಾಗಿ ಸಲ್ಲುತ್ತಾಳೆ, ಇನ್ನೊಬ್ಬನಿಗೆ ಅರ್ಜಿ ಹಾಕಿದರೆ ಸಲ್ಲುತ್ತಾಳೆ.

ಕಾರಣ ಕೇಳಿದರೆ ಸಂತ ಅಗಸ್ಟೀನನ ಉತ್ತರ ಇಂದಿಗೂ ಚೆನ್ನಾಗಿದೆ. ತನ್ನ ಮಹಾಗ್ರಂಥದ ಹದಿನೈದನೆಯ ಭಾಗದಲ್ಲಿ ಅವನು ಹೇಳುವ ತಾತ್ಪರ್ಯವಿಷ್ಟು: ನೆಂಟಸ್ತಿಕೆಯೆಂಬುದು ಪ್ರೀತಿಯನ್ನು ಹರಡುವ ಸಾಧನ, ಒಬ್ಬನೇ ತಂದೆಯೂ ಮಾವನೂ ಆಗಿಬಿಟ್ಟರೆ ಎರಡು ಬಾಂಧವ್ಯಗಳು ಒಂದರಲ್ಲೇ ಕೊನೆಗೊಳ್ಳುತ್ತವೆ, ಹೊರಗಿನಿಂದ ತಂದರೆ ಬಾಂಧವ್ಯ ಹಬ್ಬುತ್ತದೆ. ಬಯಲುಸೀಮೆಯ ಹಿರಿಯರ ತರ್ಕ ಇದಕ್ಕೆ ನೇರ ವಿರುದ್ಧ. ಹರಿದು ಹಂಚಿ ಹೋಗಬಾರದು, ಹೊಲವೂ ಹೋಗಬಾರದು, ಹುಡುಗಿಯೂ ಹೋಗಬಾರದು. ಸೋದರಮಾವನ ಮನೆಗೆ ಸೊಸೆಯಾಗಿ ಹೋದವಳಿಗೆ ಅಜ್ಜಿಯೇ ಅತ್ತೆ. ಎತ್ತಿ ಆಡಿಸಿದ ಕೈ ಅವಳನ್ನು ಬಡಿಯಲಾರದೆಂಬ ಭರವಸೆ ತಾಯಿಗೆ. ಮಳೆಯನ್ನು ನಂಬಿ ಬದುಕುವ ಸೀಮೆಯ ಈ ಲೆಕ್ಕವನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರೊಳಗೆ ಹೆಣ್ಣುಮಗಳ ರಕ್ಷಣೆಯ ಚಿಂತೆ ಇದ್ದುದನ್ನು ಮರೆಯಲಾಗದು. ಇಂಥ ದಂಪತಿಗಳ ಮಕ್ಕಳಿಗೆ ಕೆಲವು ಆನುವಂಶಿಕ ರೋಗಗಳ ಭಯ ಹೆಚ್ಚೆಂದು ವೈದ್ಯರು ಹೇಳುವುದು ನಿಜ. ಅದು ಮೋಶೆಗೂ ಗೊತ್ತಿರಲಿಲ್ಲ, ಅಗಸ್ಟೀನನಿಗೂ ಗೊತ್ತಿರಲಿಲ್ಲ. ಅವರ ನಿಷೇಧದ ಕಾರಣ ಅದಲ್ಲ.

ಕಿಟ್ಟೆಲರ ಮದುವೆ

ಈ ಕೋಷ್ಟಕಗಳ ವೈಚಿತ್ರ್ಯಕ್ಕೆ ಕನ್ನಡಿಗರೆಲ್ಲರೂ ಬಲ್ಲ ಒಬ್ಬ ಮಹನೀಯರ ಸಂಸಾರವೇ ಉದಾಹರಣೆ. 1894ರಲ್ಲಿ ಕನ್ನಡದ ಮಹಾನಿಘಂಟನ್ನು ಹೊರತಂದ ಫರ್ಡಿನಾಂಡ್ ಕಿಟ್ಟೆಲರು ಬಾಸೆಲ್ ಮಿಷನ್ನಿನ ಪಾದ್ರಿಗಳು. ಅವರ ಮೊದಲ ಪತ್ನಿ ಪೌಲಿನಾ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅನಂತರ ಕಿಟ್ಟೆಲರು ಆಕೆಯ ಸೋದರಿ ಜೂಲಿಯವರನ್ನೇ ಮದುವೆಯಾದರು. ತಾಯಿಯಿಲ್ಲದ ಮಕ್ಕಳಿಗೆ ಚಿಕ್ಕಮ್ಮನೇ ತಾಯಿಯಾಗಲೆಂಬುದು ನಮ್ಮ ಮನೆಗಳಲ್ಲಿ ಎಷ್ಟು ಸಹಜವಾದ ಮಾತು! ಜರ್ಮನ್ ಸಭೆಯವರಾದ ಅವರಿಗೆ ಅಡ್ಡಿಯಾಗಲಿಲ್ಲ. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಅವರು ಇದ್ದಿದ್ದರೆ ಆ ಮದುವೆ ಕಾನೂನಿನ ದೃಷ್ಟಿಯಲ್ಲಿ ಮದುವೆಯೇ ಆಗುತ್ತಿರಲಿಲ್ಲ. 1835ರ ಶಾಸನ ಅಲ್ಲಿ ಮೃತಪತ್ನಿಯ ಸೋದರಿಯೊಡನೆ ನಡೆದ ಮದುವೆಯನ್ನು ಶೂನ್ಯವೆಂದು ಸಾರಿತ್ತು. ಹೆಸರಾಂತ ಚಿತ್ರಕಾರ ಹೋಲ್ಮನ್ ಹಂಟ್ 1875ರಲ್ಲಿ ತನ್ನ ತೀರಿಹೋದ ಹೆಂಡತಿಯ ತಂಗಿಯನ್ನು ವರಿಸಲು ಸ್ವಿಟ್ಜರ್ಲೆಂಡಿಗೆ ಹೋಗಬೇಕಾಯಿತು. ಹೆಂಡತಿ ಬದುಕಿರುವಾಗ ಎಂದು ಮೋಶೆ ಸ್ಪಷ್ಟವಾಗಿ ಹೇಳಿದ್ದರೂ ಇಂಗ್ಲಿಷರು ಅದನ್ನು ಸತ್ತ ಮೇಲಕ್ಕೂ ಹಿಗ್ಗಿಸಿದ್ದರು. ಪಾರ್ಲಿಮೆಂಟಿನಲ್ಲಿ ವರುಷ ವರುಷವೂ ಚರ್ಚೆ ನಡೆದು, ಬಿಷಪ್ಪರೆಲ್ಲ ವಿರೋಧಿಸಿ, ಕೊನೆಗೆ ಆ ತಡೆ ತೆಗೆದುಹೋದದ್ದು 1907ರಲ್ಲಿ.

ಭಾರತದ ಕ್ರೈಸ್ತರು ಈ ಇಂಗ್ಲಿಷ್ ಕೋಷ್ಟಕಕ್ಕೆ ಬದ್ಧರೆ? ಇದೇ ಪ್ರಶ್ನೆ 1885ರಲ್ಲಿ ಕಲ್ಕತ್ತೆಯ ಉಚ್ಚ ನ್ಯಾಯಾಲಯದ ಮುಂದೆ ಬಂತು. ಅದೂ ಹೆಂಡತಿಯ ಸೋದರಿಯ ಪ್ರಕರಣವೇ, ಗಂಡಹೆಂಡಿರಿಬ್ಬರೂ ಕಥೋಲಿಕರು. ಅವರವರ ಪಂಗಡದಲ್ಲಿ ನಡೆದುಬಂದ ನಿಯಮವೇ ಅವರಿಗೆ ಕಾನೂನು, ಇಂಗ್ಲೆಂಡಿನ ಪಟ್ಟಿಯಲ್ಲ ಎಂಬುದು ಆ ತೀರ್ಪಿನ ಸಾರ. 1872ರ ಭಾರತೀಯ ಕ್ರೈಸ್ತ ವಿವಾಹ ಶಾಸನವೂ ಜಾಣತನದಿಂದ ಪಟ್ಟಿ ಕೊಡುವ ಗೊಡವೆಗೆ ಹೋಗದೆ, ವಧೂವರರ ಸ್ವಂತ ಧರ್ಮನಿಯಮ ನಿಷೇಧಿಸುವ ಮದುವೆಯನ್ನು ತಾನು ಊರ್ಜಿತಗೊಳಿಸುವುದಿಲ್ಲವೆಂದಷ್ಟೇ ಹೇಳಿ ಸುಮ್ಮನಾಯಿತು. 1955ರ ಹಿಂದೂ ವಿವಾಹ ಶಾಸನವೂ ಸಪಿಂಡ ವಿವಾಹವನ್ನು ನಿಷೇಧಿಸಿ, ರೂಢಿಯಿದ್ದಲ್ಲಿ ಆಗಬಹುದೆಂದು ಬಾಗಿಲನ್ನು ಅರೆ ತೆರೆದಿಟ್ಟಿತು. ದಕ್ಷಿಣದ ಸೋದರಮಾವಂದಿರು ಉಳಿದುಕೊಂಡದ್ದು ಆ ಅರೆಬಾಗಿಲಿನಿಂದ.

ತಾಮಾರಳ ಕಥೆ

ಬೈಬಲಿನ ಲೈಂಗಿಕ ನೀತಿಯೆಂದರೆ ನಿಷೇಧಗಳ ಒಣ ಪಟ್ಟಿಯೆಂದು ತಿಳಿದವರು ಆದಿಕಾಂಡದ ಮೂವತ್ತೆಂಟನೆಯ ಅಧ್ಯಾಯವನ್ನು ಓದಬೇಕು. ಯಾಕೋಬನ ಮಗ ಯೆಹೂದನು ತನ್ನ ಹಿರಿಯ ಮಗನಿಗೆ ತಾಮಾರಳನ್ನು ತಂದುಕೊಂಡ. ಮಗ ಸತ್ತ. ಸತ್ತವನ ಹೆಸರು ಉಳಿಸಲು ಮೈದುನನು ಅತ್ತಿಗೆಯಲ್ಲಿ ಸಂತಾನ ಪಡೆಯಬೇಕೆಂಬುದು ಅಂದಿನ ಧರ್ಮ. ಅಂಬಿಕೆ ಅಂಬಾಲಿಕೆಯರ ಕಥೆ ಬಲ್ಲ ನಮಗೆ ಇದು ಹೊಸದೇನಲ್ಲ. ಎರಡನೆಯ ಮಗ ಆ ಧರ್ಮದಿಂದ ನುಣುಚಿಕೊಂಡು ಅವನೂ ಸತ್ತ. ಮೂರನೆಯವನು ಬೆಳೆಯಲೆಂಬ ನೆಪ ಹೇಳಿ ಯೆಹೂದನು ಸೊಸೆಯನ್ನು ತವರಿಗೆ ಕಳಿಸಿ ಮರೆತುಬಿಟ್ಟ. ಕಾಯುವುದೆಷ್ಟು ದಿನ? ಒಂದು ದಿನ ಮಾವ ಆ ಕಡೆ ಬರುತ್ತಾನೆಂದು ಕೇಳಿ ತಾಮಾರಳು ಮುಸುಕು ಹಾಕಿಕೊಂಡು ದಾರಿಯಲ್ಲಿ ಕುಳಿತಳು. ಅವಳನ್ನು ವೇಶ್ಯೆಯೆಂದು ತಿಳಿದ ಯೆಹೂದ ಮುದ್ರೆಯನ್ನೂ ಕೋಲನ್ನೂ ಒತ್ತೆಯಿಟ್ಟು ಅವಳನ್ನು ಕೂಡಿದ. ಮೂರು ತಿಂಗಳಾದ ಮೇಲೆ ಸೊಸೆ ಬಸುರಿಯೆಂಬ ಸುದ್ದಿ ಬಂತು. ಕುಲದ ಯಜಮಾನನಾದ ಯೆಹೂದ ಕ್ಷಣವೂ ಯೋಚಿಸದೆ ಅವಳನ್ನು ಸುಡಬೇಕೆಂದ! ತಾಮಾರಳು ವಾದ ಮಾಡಲಿಲ್ಲ; ಮುದ್ರೆಯನ್ನೂ ಕೋಲನ್ನೂ ಕಳಿಸಿ, ಇವು ಯಾರವೋ ಅವನಿಂದಲೇ ಬಸುರಾದೆನೆಂದು ಹೇಳಿಸಿದಳು. ತನಗಿಂತ ಅವಳೇ ನೀತಿವಂತಳೆಂದು ಯೆಹೂದ ತಲೆತಗ್ಗಿಸಿದ. ಮತ್ತಾಯನು ಬರೆದ ಯೇಸುಕ್ರಿಸ್ತನ ವಂಶಾವಳಿಯಲ್ಲಿ ಎಷ್ಟೋ ಸಾಧ್ವಿಯರ ಹೆಸರಿಲ್ಲ, ಈ ತಾಮಾರಳ ಹೆಸರಿದೆ.

ದಂಡಿಸುವ ಯಜಮಾನನೇ ಪಾಲುಗಾರನೂ ಆಗಿದ್ದುದು ಈ ಒಂದು ಕಥೆಯ ಮಾತಲ್ಲ. ಹಳೆಯ ಒಡಂಬಡಿಕೆಯಲ್ಲಿ ವ್ಯಭಿಚಾರಕ್ಕೆ ಇಬ್ಬರಿಗೂ ಮರಣದಂಡನೆಯೆಂದಿದ್ದರೂ, ವ್ಯಭಿಚಾರವೆಂದರೆ ಏನೆಂಬುದನ್ನು ತೀರ್ಮಾನಿಸುತ್ತಿದ್ದುದು ಹೆಂಗಸಿನ ಸ್ಥಿತಿ. ಅವಳು ಪರರ ಹೆಂಡತಿಯಾದರೆ ಅಪರಾಧ. ಅವಿವಾಹಿತೆಯಾದರೆ ಗಂಡಸು ತೆರವು ತೆತ್ತು ಮದುವೆಯಾದರೆ ಮುಗಿಯಿತು, ಅವನಿಗೆ ಮನೆಯಲ್ಲಿ ಹೆಂಡತಿಯಿದ್ದರೂ ಚಿಂತೆಯಿಲ್ಲ. ಸೊಲೊಮೋನನಿಗೆ ಏಳು ನೂರು ರಾಣಿಯರು, ಮುನ್ನೂರು ಉಪಪತ್ನಿಯರು. ಅವನನ್ನು ಗ್ರಂಥ ದೂಷಿಸುವುದು ಸಂಖ್ಯೆಗಾಗಿ ಅಲ್ಲ, ಅವರು ಅವನ ಮನಸ್ಸನ್ನು ಅನ್ಯದೇವತೆಗಳ ಕಡೆ ತಿರುಗಿಸಿದ್ದಕ್ಕಾಗಿ.

ಯೇಸುಕ್ರಿಸ್ತನು ಈ ವ್ಯವಸ್ಥೆಯ ಬುಡಕ್ಕೆ ಕೈಹಾಕಿದ. ಪರಸ್ತ್ರೀಯನ್ನು ಮೋಹಿಸಿ ನೋಡುವುದೇ ವ್ಯಭಿಚಾರವೆಂದು ಹೇಳಿ ಅಪರಾಧವನ್ನು ಗಂಡಸಿನ ಕಣ್ಣಿನೊಳಗೆ ತಂದಿಟ್ಟ. ಗಂಡನು ಚೀಟಿ ಬರೆದುಕೊಟ್ಟು ಹೆಂಡತಿಯನ್ನು ಕಳಿಸಬಹುದೆಂಬ ಮೋಶೆಯ ಅನುಮತಿ ನಿಮ್ಮ ಹೃದಯದ ಕಾಠಿಣ್ಯಕ್ಕಾಗಿ ಕೊಟ್ಟದ್ದೆಂದ. ಹಾದರದಲ್ಲಿ ಸಿಕ್ಕಿದ ಹೆಂಗಸನ್ನು ಕಲ್ಲೆಸೆದು ಕೊಲ್ಲಲು ತಂದವರನ್ನು ಅವನು ನಾಚಿಸಿ ಕಳಿಸಿದ ಪ್ರಸಂಗ ಲೋಕಪ್ರಸಿದ್ಧವಾಗಿದೆ. ಸಿಕ್ಕವರಲ್ಲಿ ಹೆಂಗಸನ್ನು ಮಾತ್ರ ಎಳೆದುತಂದರು, ಗಂಡಸೆಲ್ಲಿ ಎಂಬ ಪ್ರಶ್ನೆಯನ್ನು ಓದುಗರು ಅಂದಿನಿಂದ ಕೇಳುತ್ತಲೇ ಇದ್ದಾರೆ. ಯೋಹಾನನ ಸುವಾರ್ತೆಯ ಅತ್ಯಂತ ಪ್ರಾಚೀನ ಹಸ್ತಪ್ರತಿಗಳಲ್ಲಿ ಈ ಪ್ರಸಂಗವೇ ಇಲ್ಲ. ಅದು ಆಮೇಲೆ ಸೇರಿದ್ದೆಂದು ಪಂಡಿತರ ಮತ.

ಉಡಿಕೆ ಹೋಗಿ ಉರುಳಾಯಿತು

ವಿವಾಹವಿಚ್ಛೇದನದ ವಿಷಯದಲ್ಲಿ ಸುವಾರ್ತೆಗಳು ಒಂದೇ ಮಾತನ್ನು ಹೇಳುವುದಿಲ್ಲ. ಮಾರ್ಕನ ಪ್ರಕಾರ ಬಿಡುಗಡೆಯೇ ಇಲ್ಲ. ಮತ್ತಾಯನು ಹಾದರವೊಂದನ್ನು ಹೊರತುಪಡಿಸಿ ಎಂಬ ವಿನಾಯಿತಿ ಸೇರಿಸುತ್ತಾನೆ. ಆ ಒಂದು ಮಾತಿನ ಮೇಲೆ ಕಥೋಲಿಕರಿಗೂ ಪ್ರಾಟೆಸ್ಟಂಟರಿಗೂ ಶತಮಾನಗಳ ವಾದ. ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಇನ್ನೊಂದು ಸಂದು ಬಿಟ್ಟ: ಕ್ರಿಸ್ತನನ್ನು ನಂಬದ ಗಂಡನೋ ಹೆಂಡತಿಯೋ ತಾನಾಗಿ ಅಗಲಿದರೆ ನಂಬಿದವರಿಗೆ ಬಂಧನವಿಲ್ಲ.

ಈ ಸಂದು ನಮ್ಮ ದೇಶದ ಕಾನೂನಾಗಿ ಬಂದಿತೆಂದರೆ ಹಲವರಿಗೆ ಆಶ್ಚರ್ಯವಾದೀತು. ಬಳ್ಳಾರಿಯಲ್ಲಿ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಮಂಗಳೂರಿನಲ್ಲಿ 1834ರಲ್ಲಿ ಬಾಸೆಲ್ ಮಿಷನ್ನಿನವರು ಬಂದು ನೆಲೆಸಿದ ಮೇಲೆ, ಮನೆಯಲ್ಲೊಬ್ಬರು ದೀಕ್ಷಾಸ್ನಾನ ಪಡೆದು ಇನ್ನೊಬ್ಬರು ಹಳೆಯ ಧರ್ಮದಲ್ಲಿ ಉಳಿಯುವ ಪ್ರಸಂಗಗಳು ಎದ್ದವು. ಜಾತಿಗೆಟ್ಟ ಗಂಡನೊಡನೆ ಬಾಳಲಾರೆನೆಂದು ಹೆಂಡತಿ ತವರಿಗೆ ಹೋದರೆ ಅವನ ಗತಿಯೇನು? 1866ರಲ್ಲಿ ಮತಾಂತರಿತರ ವಿವಾಹವಿಮೋಚನೆಯ ಶಾಸನ ಬಂತು. ಮತಾಂತರದ ಕಾರಣಕ್ಕೇ ಸಂಗಾತಿ ಬಿಟ್ಟುಹೋದಲ್ಲಿ ನ್ಯಾಯಾಲಯಕ್ಕೆ ಹೋಗಬಹುದು. ನ್ಯಾಯಾಧೀಶರು ಬಿಟ್ಟುಹೋದವರನ್ನು ವಿಚಾರಿಸಿ, ಒಂದು ವರ್ಷ ಕಾದು, ಆಮೇಲೂ ಮನಸ್ಸು ತಿರುಗದಿದ್ದರೆ ಬಂಧನವನ್ನು ಬಿಡಿಸಬಹುದು. ಕೊರಿಂಥದವರಿಗೆ ಬರೆದ ಪತ್ರದ ಒಂದು ವಾಕ್ಯ ಹೀಗೆ ಕಲ್ಕತ್ತೆಯಲ್ಲಿ ಕಾಯಿದೆಯಾಯಿತು!

ಇಬ್ಬರು ಹೆಂಡಿರಿದ್ದವನು ಬಂದರೆ ಸಂಕಟ ಇನ್ನೂ ದೊಡ್ಡದು. ವಿಚ್ಛೇದನ ಪಾಪವೆಂದು ಸಾರುವ ಬೋಧಕರೇ ಒಬ್ಬಳನ್ನು ಬಿಟ್ಟು ಬಾ ಎನ್ನಬೇಕು. ಬಿಟ್ಟವಳಿಗೆ ಅನ್ನ ಯಾರು ಹಾಕಬೇಕು? 1888ರಲ್ಲಿ ಆಂಗ್ಲಿಕನ್ ಬಿಷಪ್ಪರ ಲ್ಯಾಂಬೆತ್ ಸಮ್ಮೇಳನ ಬಹುಪತ್ನೀಕರಿಗೆ ದೀಕ್ಷಾಸ್ನಾನವೇ ಕೂಡದೆಂದಿತು. ಸರಿಯಾಗಿ ನೂರು ವರ್ಷಗಳ ಮೇಲೆ, 1988ರ ಸಮ್ಮೇಳನ, ಹೊಸ ಮದುವೆ ಮಾಡಿಕೊಳ್ಳೆನೆಂದು ಮಾತು ಕೊಟ್ಟವನು ಇರುವ ಹೆಂಡಿರನ್ನು ಹೊರದೂಡಬೇಕಾಗಿಲ್ಲವೆಂದು ಒಪ್ಪಿತು. ಬಿಟ್ಟ ಹೆಂಡಿರ ದುರ್ಗತಿಯೇ ಅದಕ್ಕೆ ಅವರು ಕೊಟ್ಟ ಕಾರಣ. ನೂರು ವರ್ಷದಲ್ಲಿ ಬೀದಿಪಾಲಾದವರ ಲೆಕ್ಕ ಯಾರೂ ಇಟ್ಟಂತಿಲ್ಲ.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯಿತು. ಮೈಸೂರು ಸೀಮೆಯ ಅನೇಕ ಜಾತಿಗಳಲ್ಲಿ ಗಂಡನೊಡನೆ ಬಾಳಲಾಗದವಳಿಗೆ ಪಂಚಾಯಿತಿಯ ಮುಂದೆ ಬಿಡುಗಡೆಯಿತ್ತು. ಬಿಡುಗಡೆಯಾದವಳಿಗೂ ವಿಧವೆಗೂ ಉಡಿಕೆಯಿತ್ತು. ಮೊದಲ ಮದುವೆಯ ಸಡಗರವಿಲ್ಲದಿದ್ದರೂ ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುತ್ತಿದ್ದರು. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಜಾತಿಗಳ ಸಂಪುಟಗಳಲ್ಲಿ ಈ ಉಡಿಕೆಯ ವಿವರ ಪುಟಪುಟಕ್ಕೂ ಸಿಗುತ್ತದೆ. ಕರಾವಳಿಯಲ್ಲಿ ಬಾಸೆಲ್ ಮಿಷನ್ನನ್ನು ಸೇರಿದವರಲ್ಲಿ ಬಹುಮಂದಿ ಬಿಲ್ಲವರು; ಅಳಿಯಸಂತಾನದ ಆ ಕುಟುಂಬಗಳಲ್ಲಿ ಹೆಣ್ಣಿಗೆ ಆಸ್ತಿಯ ಆಧಾರವೂ ಇತ್ತು, ಬೇಡವಾದ ಗಂಡನನ್ನು ಬಿಡುವ ದಾರಿಯೂ ಇತ್ತು. ದೀಕ್ಷಾಸ್ನಾನದ ನೀರು ಬಿದ್ದೊಡನೆ ಆ ದಾರಿ ಮುಚ್ಚಿತು. ಕ್ರೈಸ್ತಮತ ಈ ಹೆಂಗಸರಿಗೆ ಅಕ್ಷರ ಕಲಿಸಿತು, ಒಬ್ಬನೇ ಗಂಡನಿಗೆ ಒಬ್ಬಳೇ ಹೆಂಡತಿಯೆಂಬ ಗೌರವ ಕೊಟ್ಟಿತು. ಆದರೆ ಆ ಗಂಡ ಕುಡುಕನೋ ಹೊಡೆಯುವವನೋ ಆಗಿದ್ದರೆ ಹೊರಬರುವ ಬಾಗಿಲನ್ನು ಮುಚ್ಚಿತು. ಎರಡನ್ನೂ ಹೇಳದಿದ್ದರೆ ಅರ್ಧ ಸತ್ಯವಾಗುತ್ತದೆ.

ಬಾಗಿಲು ತೆರೆಯಬೇಕಾಗಿದ್ದುದು 1869ರ ಭಾರತೀಯ ವಿಚ್ಛೇದನ ಶಾಸನ. ಅದರ ಹತ್ತನೆಯ ಕಲಮಿನಲ್ಲಿ ಗಂಡಸಿಗೊಂದು ನ್ಯಾಯ, ಹೆಂಗಸಿಗೊಂದು ನ್ಯಾಯ. ಹೆಂಡತಿ ವ್ಯಭಿಚಾರಿಣಿಯೆಂದು ರುಜುವಾತು ಮಾಡಿದರೆ ಗಂಡನಿಗೆ ವಿಚ್ಛೇದನ ಸಿಕ್ಕಿತು. ಹೆಂಡತಿಗೆ ಅಷ್ಟು ಸಾಲದು. ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ತೊರೆದುಹೋದುದನ್ನೋ, ಅಥವಾ ಅವನ ಕೂಟ ನಿಷಿದ್ಧ ಸಂಬಂಧದವಳೊಡನೆ ನಡೆಯಿತೆಂಬುದನ್ನೋ ಆಕೆ ತೋರಿಸಬೇಕು. ಬರಿಯ ಹೊಡೆತಕ್ಕೆ ಬಿಡುಗಡೆಯಿಲ್ಲ. ಬರಿಯ ವ್ಯಭಿಚಾರಕ್ಕೂ ಬಿಡುಗಡೆಯಿಲ್ಲ. ಎರಡೂ ಸೇರಿದರೆ ವಿಚಾರ ಮಾಡೋಣವೆಂಬ ಧೋರಣೆ. ಇಷ್ಟಾದ ಮೇಲೂ ಜಿಲ್ಲಾ ನ್ಯಾಯಾಧೀಶರು ಕೊಟ್ಟ ತೀರ್ಪನ್ನು ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳು ಸ್ಥಿರಪಡಿಸಬೇಕು. ಹೆಂಡತಿಯನ್ನು ಕೆಡಿಸಿದವನಿಂದ ಗಂಡನು ನಷ್ಟಪರಿಹಾರ ಕೇಳಬಹುದೆಂಬ ಕಲಮೂ ಅಲ್ಲಿತ್ತು, ಹೊಲಕ್ಕೆ ನುಗ್ಗಿದ ದನದ ಒಡೆಯನಿಂದ ಕೇಳುವಂತೆ.

ಮತ್ತಾಯನಲ್ಲಾಗಲಿ ಮಾರ್ಕನಲ್ಲಾಗಲಿ ಈ ತಾರತಮ್ಯವಿಲ್ಲ. ಅದು ಬಂದದ್ದು 1857ರ ಇಂಗ್ಲಿಷ್ ಶಾಸನದಿಂದ. ಇಂಗ್ಲೆಂಡು ತನ್ನ ತಪ್ಪನ್ನು 1923ರಲ್ಲಿ ತಿದ್ದಿಕೊಂಡಿತು. ನಮ್ಮಲ್ಲಿ ಸ್ವಾತಂತ್ರ್ಯ ಬಂದು, ಹಿಂದೂ ಸ್ತ್ರೀಯರಿಗೆ 1955ರಲ್ಲಿ ವಿಚ್ಛೇದನದ ಹಕ್ಕು ಬಂದರೂ ಕ್ರೈಸ್ತ ಸ್ತ್ರೀ 1869ರಲ್ಲೇ ನಿಂತಿದ್ದಳು. ನ್ಯಾಯಾಲಯಗಳು ಮತ್ತೆ ಮತ್ತೆ ಚುಚ್ಚಿದವು. 1995ರಲ್ಲಿ ಕೇರಳದ, 1997ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯಗಳು ಹತ್ತನೆಯ ಕಲಮಿನ ಪಕ್ಷಪಾತವನ್ನು ಸಂವಿಧಾನಕ್ಕೆ ವಿರುದ್ಧವೆಂದವು. ಕೊನೆಗೆ 2001ರಲ್ಲಿ ಸಂಸತ್ತು ಗಂಡಹೆಂಡಿರಿಗೆ ಒಂದೇ ಕಾರಣಗಳ ಪಟ್ಟಿಯನ್ನು ಕೊಟ್ಟಿತು. ಕ್ರೌರ್ಯವೊಂದೇ ಸಾಕು, ವ್ಯಭಿಚಾರವೊಂದೇ ಸಾಕು. ಉಚ್ಚ ನ್ಯಾಯಾಲಯದ ಸ್ಥಿರೀಕರಣ ತಪ್ಪಿತು. ನಷ್ಟಪರಿಹಾರದ ಕಲಮೂ ಹೋಯಿತು. ಸ್ತ್ರೀಪುರುಷರಿಗೆ ಶಾಸನ ಸಮಾನವೆಂದು ಮೃತಸಮುದ್ರದ ದಡದಲ್ಲಿ ಬರೆದಿಟ್ಟವರ ಮಾತು ಭಾರತದ ಕ್ರೈಸ್ತ ಗೃಹಿಣಿಯನ್ನು ಮುಟ್ಟಲು ಅಷ್ಟು ಕಾಲ ಹಿಡಿಯಿತು.

ಪರಸ್ತ್ರೀಗಮನವನ್ನು ಅವಳ ಗಂಡನ ವಿರುದ್ಧದ ಅಪರಾಧವೆಂದು ಎಣಿಸುತ್ತಿದ್ದ ದಂಡಸಂಹಿತೆಯ 497ನೆಯ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರಿನಲ್ಲಿ ರದ್ದುಗೊಳಿಸಿತು. ಗಂಡ ಸಮ್ಮತಿಸಿದ್ದರೆ ಆ ಕಲಮಿನಲ್ಲಿ ಅಪರಾಧವೇ ಇರಲಿಲ್ಲ. ಹೆಂಡತಿಯನ್ನು ಗಂಡನ ಸೊತ್ತೆಂದು ಬಗೆಯುವ ಭಾವನೆ ಹಳೆಯ ಒಡಂಬಡಿಕೆಗಷ್ಟೇ ಸೀಮಿತವೆಂದು ಯಾರೂ ಬೀಗಬೇಕಾಗಿಲ್ಲ.

ಎರಡು ನ್ಯಾಯಪೀಠ

ಕಥೋಲಿಕರಿಗೆ ಮಾತ್ರ ಇನ್ನೊಂದು ಹೊಸಿಲು ಉಳಿದಿದೆ. ಅವರ ಸಭೆ ವಿಚ್ಛೇದನವನ್ನು ಒಪ್ಪುವುದಿಲ್ಲ. ಮದುವೆ ನಡೆದಾಗಲೇ ಸಮ್ಮತಿಯಲ್ಲೋ ಕ್ರಮದಲ್ಲೋ ಮೂಲಭೂತ ಕುಂದಿತ್ತೆಂದು ತೋರಿದರೆ ಧರ್ಮಪ್ರಾಂತದ ನ್ಯಾಯಪೀಠ ಅದು ಮದುವೆಯೇ ಆಗಿರಲಿಲ್ಲವೆಂದು ಸಾರಬಹುದು. ಹಾಗಾದರೆ ಆ ಘೋಷಣೆಯನ್ನೇ ಸರಕಾರ ಮಾನ್ಯ ಮಾಡಬಾರದೇಕೆ? ಮಂಗಳೂರಿನ ವಕೀಲರೂ ದಕ್ಷಿಣ ಕನ್ನಡದ ಕಥೋಲಿಕ ಸಂಘಟನೆಯ ಮಾಜಿ ಅಧ್ಯಕ್ಷರೂ ಆದ ಕ್ಲಾರೆನ್ಸ್ ಪಾಯಸ್ ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದರು. ಇಗರ್ಜಿಯಿಂದ ಬಿಡುಗಡೆ ಪಡೆದು ಮತ್ತೆ ಮದುವೆಯಾದವರು ದ್ವಿಪತ್ನಿತ್ವದ ಮೊಕದ್ದಮೆಗೆ ಸಿಕ್ಕುವ ಭಯವಿದೆಯೆಂಬುದು ಅರ್ಜಿಯ ಅಳಲು. 2017ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಸಂಸತ್ತಿನ ಶಾಸನವಿರುವಾಗ ಧರ್ಮಪೀಠದ ತೀರ್ಪಿಗೆ ಕಾನೂನಿನ ಬಲವಿಲ್ಲವೆಂದು 1996ರಲ್ಲೇ ಹೇಳಿದ್ದನ್ನು ನ್ಯಾಯಾಲಯ ಎತ್ತಿಹಿಡಿಯಿತು.

ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೂ 2001ರ ತಿದ್ದುಪಡಿ ದಾರಿ ಮಾಡಿತ್ತಾದರೂ, ಉಳಿದ ಧರ್ಮದವರಿಗೆ ಒಂದು ವರ್ಷ ಬೇರೆ ಇದ್ದರೆ ಸಾಕಾದಲ್ಲಿ ಕ್ರೈಸ್ತರಿಗೆ ಎರಡು ವರ್ಷವೆಂದಿತ್ತು. 2010ರಲ್ಲಿ ಕೇರಳದ ಉಚ್ಚ ನ್ಯಾಯಾಲಯ ಎರಡನ್ನು ಒಂದೆಂದು ಓದಿಕೊಳ್ಳಬೇಕೆಂದಿತು. ಮೂರು ನಾಲ್ಕು ವರ್ಷಗಳಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದೇ ಹಾದಿ ಹಿಡಿಯಿತು.

ಆದುದರಿಂದ ಚಿತ್ರದುರ್ಗ ಜಿಲ್ಲೆಯ ಕಥೋಲಿಕ ಹೆಣ್ಣುಮಗಳೊಬ್ಬಳು ಮುರಿದ ಸಂಸಾರದಿಂದ ಹೊರಬಂದು ಮತ್ತೊಂದು ಮದುವೆಯಾಗಬೇಕಾದರೆ ಇಂದಿಗೂ ಎರಡು ಕಡೆ ಅಲೆಯಬೇಕು. ಒಂದು ಚಿತ್ರದುರ್ಗದ ನ್ಯಾಯಾಲಯ. ಅಲ್ಲಿ ಮದುವೆ ಮುರಿದಿದೆಯೆಂದು ಸಾಧಿಸಬೇಕು. ಇನ್ನೊಂದು, 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತದ ಅಧ್ಯಕ್ಷರ ಕಚೇರಿ. ಅಲ್ಲಿ ಮದುವೆ ಮೊದಲಿನಿಂದಲೂ ಇರಲೇ ಇಲ್ಲವೆಂದು ಸಾಧಿಸಬೇಕು. 2015ರಲ್ಲಿ ಪೋಪ್ ಫ್ರಾನ್ಸಿಸರು ಈ ಎರಡನೆಯ ಕೆಲಸವನ್ನು ಹಗುರ ಮಾಡಿದರು. ಒಂದು ಪೀಠದ ತೀರ್ಪನ್ನು ಮತ್ತೊಂದು ಪೀಠ ಒಪ್ಪಬೇಕೆಂಬ ಹಳೆಯ ನಿಯಮವನ್ನು ತೆಗೆದು, ಸಾಧ್ಯವಾದಷ್ಟು ಮಟ್ಟಿಗೆ ವೆಚ್ಚವಿಲ್ಲದೆ ವಿಚಾರಣೆ ನಡೆಸಬೇಕೆಂದು ಕೇಳಿಕೊಂಡರು. ಎರಡೂ ಕಾಗದಗಳು ಕೈಗೆ ಬಂದ ಮೇಲೆ ಅವಳ ಹೆಸರನ್ನು ಮತ್ತೆ ಭಾನುವಾರ ಇಗರ್ಜಿಯಲ್ಲಿ ಓದುತ್ತಾರೆ. ಹೊಸ ವರನು ಸೋದರಮಾವನಾಗಿದ್ದರೆ ಮೂರನೆಯ ಕಾಗದವೊಂದು ಬೇಕಾಗುತ್ತದೆ.